ಅರ್ಜಿದಾರಳಿಗೆ ಎರಡು ಕಣ್ಣುಗಳಿವೆ

ಕ್ಯಾಲೆಂಡರಿನಲ್ಲಿ ಉಚ್ಚಂಗೆಮ್ಮನಿಗೆ ಒಂದೇ ಕಣ್ಣಿತ್ತು. ಮೀನಿನಂತೆ ಉದ್ದವಾಗಿ ಕಿವಿಯವರೆಗೆ ಹೋಗಿ ನಿಂತ ಕಣ್ಣು. ಮುಡಿಯಲ್ಲಿ ಹೂವಿತ್ತು. ಮೊಣಕೈವರೆಗೆ ಬಳೆ. ಹಣೆಯಲ್ಲಿ ಕಾಸಗಲ ಕುಂಕುಮ. ಎಡಗೈಯಲ್ಲಿ ಕುಡುಗೋಲು. ಕೆಮ್ಮಣ್ಣು ಬಳಿದಂಥ ನೆಲದ ಮೇಲೆ ಅಕ್ಕಿಹಿಟ್ಟಿನಂಥ ಬಿಳಿ ಗೆರೆಗಳಲ್ಲಿ ಎಂಟು ಮಂದಿ ಹೆಂಗಸರು ಭತ್ತ ಕೊಯ್ಯುತ್ತಿದ್ದರು. ನಾಲ್ವರು ಈ ಕಡೆ ಮುಖ, ನಾಲ್ವರು ಆ ಕಡೆ ಮುಖ. ಎಂಟು ಮಂದಿಗೂ ಒಂದೇ ಮೂಗು. ಎಲ್ಲರೂ ನಗುತ್ತಿದ್ದರು.

ಅದನ್ನು ಬರೆದವನು ಪೇಟೆಯ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಮಲೆನಾಡಿನ ಹೆಂಗಸರು ಗೋಡೆಯ ಮೇಲೆ ಬರೆಯುವ ಗೆರೆಗಳನ್ನು ನೋಡಿ ಕಲಿತಿದ್ದ. ಜನಪದ ಶೈಲಿ ಎನ್ನುತ್ತಿದ್ದ. ಎಪ್ಪತ್ತಮೂರರ ಸುಗ್ಗಿಯಲ್ಲಿ ಸವಳಂಗದ ಬಸ್ಸಿನಿಂದ ಬೇವಿನಕೋಡಿಯಲ್ಲಿ ಇಳಿದು, ಕೆರೆಗದ್ದೆಯ ಬದುವಿನ ಮೇಲೆ ಕೊಡೆ ಬಿಡಿಸಿಕೊಂಡು ಕೂತ.

"ಒಂದು ಹಾಡು ಹೇಳ್ರಮ್ಮ, ಲಯ ಸಿಗುತ್ತೆ" ಎಂದ.

"ಹಾಡಾಕೆ ಬಾಯಿ ತೆಗೆದ್ರೆ ಸುಂಕು ಒಳಗೋಗ್ತೈತಪ್ಪ" ಎಂದಳು ಅಂತರಘಟ್ಟಮ್ಮ. ಅವಳೇ ಆ ಎಂಟು ಮಂದಿಯಲ್ಲಿ ಹಿರಿಯಳು. "ನೀನೇ ಹೇಳು. ನೆಳ್ಳಾಗೆ ಕುಂತಿದೀಯ."

ಮೇಷ್ಟ್ರು ಅದನ್ನೂ ಬರೆದುಕೊಂಡ.

ಭತ್ತ ಕೊಯ್ಯುವಾಗ ಯಾರೂ ಹಾಡುವುದಿಲ್ಲ. ಬೆಳಗಿನ ಮಂಜಿಗೆ ಬಗ್ಗಿದ ಸೊಂಟ ಬುತ್ತಿಯ ಹೊತ್ತಿನವರೆಗೆ ಏಳುವುದಿಲ್ಲ. ಎಡಗೈ ಬುಡ ಹಿಡಿಯುತ್ತದೆ, ಬಲಗೈ ಎಳೆಯುತ್ತದೆ. ಭತ್ತದ ಗರಿ ಬೆರಳ ಸಂದಿಯನ್ನು ಕೊಯ್ಯುತ್ತದೆ. ಸುಂಕು, ಭತ್ತದ ಮುಳ್ಳುಮುಳ್ಳಾದ ಸಣ್ಣ ಧೂಳು, ಬೆವರಿಗೆ ಅಂಟಿ ಕುತ್ತಿಗೆ, ಕಂಕುಳು, ಎದೆಯ ಸಂದು ಉರಿಯುತ್ತದೆ. ಅದಕ್ಕೇ ಕೇರಿಯ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಿದ್ದರು. ಉಚ್ಚಂಗೆಮ್ಮ ತಿಪ್ಪೇಶಿಯ ಅಂಗಿ ತೊಟ್ಟಿದ್ದಳು. ತಿಪ್ಪೇಶಿ ಅವಳ ಗಂಡ. ಐದು ತಿಂಗಳ ಹಿಂದೆ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಅವನಿರಲಿಲ್ಲ. ಅಂಗಿ ಇತ್ತು. ತೊಟ್ಟಳು. ಅದರಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ.

"ಆ ಅಂಗಿ ತೆಗೀತೀರಾ? ಗೆರೆ ಸಿಗ್ತಿಲ್ಲ" ಎಂದು ಮೇಷ್ಟ್ರು ಕೇಳಿದ.

"ಮೈ ಕಡಿತೈತ್ರಿ."

ಮೇಷ್ಟ್ರು ಒತ್ತಾಯ ಮಾಡಲಿಲ್ಲ. ಹಾಳೆಯ ಮೇಲೆ ತಾನೇ ತೆಗೆದ. ಬರಿಗೈ ಬಂದಿತು, ಬಳೆ ತೊಡಿಸಿದ. ಬರಿ ತಲೆ ಬಂದಿತು, ಹೂ ಮುಡಿಸಿದ. ಎದ್ದು ಹೋಗುವಾಗ ಹತ್ತಿರ ನಿಂತವಳ ಹೆಸರು ಕೇಳಿದ, ಗದ್ದೆ ಯಾರದೆಂದು ಕೇಳಿದ. ಚಿತ್ರದ ಅಡಿಯಲ್ಲಿ ದುಂಡಗೆ ಬರೆದ: 'ಸುಗ್ಗಿ. ಬೇವಿನಕೋಡಿಯ ಮಹೇಶ್ವರಪ್ಪನವರ ಕೆರೆಗದ್ದೆಯಲ್ಲಿ ಉಚ್ಚಂಗೆಮ್ಮ ಮತ್ತು ಗೆಳತಿಯರು.'

ಚಿತ್ರಕ್ಕೆ ಬಹುಮಾನ ಬಂತು. ಹೊನ್ನಾಳಿಯ ಗೊಬ್ಬರದ ಅಂಗಡಿಯವರೊಬ್ಬರು ಅದನ್ನು ಎಪ್ಪತ್ತೈದರ ಕ್ಯಾಲೆಂಡರಿಗೆ ಹಾಕಿಸಿದರು. ತನ್ನ ಹೆಸರು ಅಚ್ಚಾದದ್ದು ನೋಡಿ ಮಹೇಶ್ವರಪ್ಪ ಹಿಗ್ಗಿದ. ಅರವತ್ತು ಪ್ರತಿ ತರಿಸಿ ಊರಿಗೆಲ್ಲ ಹಂಚಿದ. ಕೇರಿಗೂ ಒಂದು ಕೊಟ್ಟ.

"ಇದು ನಾನಾ ದೊಡ್ಡವ್ವ?" ಎಂದು ಉಚ್ಚಂಗೆಮ್ಮ ಕೇಳಿದಳು.

"ನೀನೇ ಕಣೇ" ಎಂದಳು ಅಂತರಘಟ್ಟಮ್ಮ. "ಮದ್ವೆ ದಿನಾನೂ ಇಷ್ಟು ಬಳೆ ಇರ್ಲಿಲ್ಲ ನಿನ್ ಕೈಯಾಗೆ."

ಆ ಹೊತ್ತಿಗೆ ಹೊಸ ಕಾನೂನು ಬಂದಿತ್ತು. ಶಾಲೆಯ ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ 'ಉಳುವವನೇ ಹೊಲದೊಡೆಯ' ಎಂದು ಬರೆಸಿದ್ದರು. ಕೆರೆಯ ಹಿಂದಿನ ಆ ಎರಡು ಎಕರೆ ಕೆರೆಗದ್ದೆಯನ್ನು ತಿಪ್ಪೇಶಿಯ ಅಪ್ಪ ಕೋರಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಮಹೇಶ್ವರಪ್ಪ ಗೌಡರ ಮನೆಗೆ, ಅರ್ಧ ಮಾಡಿದವನಿಗೆ. ಅಪ್ಪ ಹೋದ ಮೇಲೆ ತಿಪ್ಪೇಶಿ ಮಾಡಿದ. ತಿಪ್ಪೇಶಿ ಹೋದ ಮೇಲೆ ಉಚ್ಚಂಗೆಮ್ಮ. ಯಾವತ್ತೂ ಒಂದು ಚೀಟಿ ಆಗಿರಲಿಲ್ಲ. ಉಳುವುದಕ್ಕೆ ಮಾತ್ರ ಜಗಳೂರು ಕಡೆಯಿಂದ ಅವಳ ಅಣ್ಣ ಚಿಕ್ಕಹನುಮಂತಪ್ಪ ಜೋಡೆತ್ತು ಹೊಡೆದುಕೊಂಡು ಬಂದು, ನಾಲ್ಕು ದಿನ ಉತ್ತು ಹೋಗುತ್ತಿದ್ದ. ಹೆಂಗಸು ನೇಗಿಲ ಮೇಣಿ ಹಿಡಿಯಬಾರದು. ಉಳಿದ ದಿನಗಳೆಲ್ಲ ಅವಳವು. ಗೊಬ್ಬರ ಹೊತ್ತಳು, ಸಸಿ ಕಿತ್ತಳು, ನಾಟಿ ಮಾಡಿದಳು, ಕಳೆ ತೆಗೆದಳು, ಕೊಯ್ದಳು.

ಗದ್ದೆ ತನ್ನ ಹೆಸರಿಗೆ ಆಗಲೆಂದು ಅವಳು ಅರ್ಜಿ ಹಾಕಿದಳು. ಮಹೇಶ್ವರಪ್ಪ ಅದು ತನ್ನ ಸ್ವಂತ ಸಾಗುವಳಿ ಎಂದು ಬರೆದುಕೊಟ್ಟ. ಅರ್ಜಿ ಬಿದ್ದುಹೋದರೆ ಗದ್ದೆ ಹೋಗುತ್ತಿತ್ತು. ಗದ್ದೆ ಹೋದರೆ ಅದೇ ಗದ್ದೆಗೆ ಅವಳು ಕೂಲಿಯಾಗಿ ಬರಬೇಕಿತ್ತು.

ಎಪ್ಪತ್ತಾರರ ಕೊನೆಯಲ್ಲಿ, ಭತ್ತ ಹಳದಿಗೆ ತಿರುಗುವಾಗ, ಅರ್ಜಿ ತೀರ್ಮಾನಿಸುವ ಭೂ ನ್ಯಾಯಮಂಡಳಿಯವರು ಊರಿಗೆ ಬಂದು ಶಾಲೆಯಲ್ಲಿ ಕೂತರು. ನಡುವೆ ಸಾಹೇಬರು. ಪಕ್ಕದಲ್ಲಿ ಗುಮಾಸ್ತ ಜಯಪ್ಪ. ಮಕ್ಕಳಿಗೆ ರಜ ಕೊಟ್ಟಿದ್ದರು.

"ಏನು ದಾಖಲೆ ಐತಮ್ಮ?" ಎಂದು ಜಯಪ್ಪ ಕೇಳಿದ.

ಉಚ್ಚಂಗೆಮ್ಮ ಕ್ಯಾಲೆಂಡರ್ ಬಿಡಿಸಿಟ್ಟಳು.

ಸಾಹೇಬರು ಕೆಳಗಿನ ತಾರೀಖುಗಳನ್ನು ನೋಡಿದರು. "ಇದು ಹೋದ ವರ್ಷದ್ದಲ್ಲವೇನಮ್ಮ?"

"ವರ್ಷ ಹೋಗೈತ್ರಿ. ಗದ್ದೆ ಅಲ್ಲೇ ಐತೆ. ನನ್ನೆಸ್ರು ಅಚ್ಚಾಗೈತೆ, ಗೌಡ್ರ ಹೆಸ್ರು ಅಚ್ಚಾಗೈತೆ. ಕುಯ್ಯಾದು ಕಾಣ್ತೈತೆ."

ಸಾಹೇಬರು ಮಹೇಶ್ವರಪ್ಪನ ಕಡೆ ನೋಡಿದರು. ಚಿತ್ರ ಸುಳ್ಳೆಂದು ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಅದರಲ್ಲಿ ಅವನ ಹೆಸರಿತ್ತು. ಅರವತ್ತು ಮನೆಯಲ್ಲಿ ಅದು ತೂಗುತ್ತಿತ್ತು.

"ಚಿತ್ರ ಖರೇನೇ ಐತೆ ಸಾಹೇಬ್ರೆ" ಎಂದ. "ಗದ್ದೆ ನಂದು ಅಂತ ಅವರೇ ಬರ್ದಾರಲ್ಲ. ಆದ್ರೆ ಆಕೆ ಈಕೆ ಅಲ್ಲ. ಚಿತ್ರದಾಗಿರೋಳಿಗೆ ಒಂದು ಕಣ್ಣು. ಈಕಿಗೆ ಎಷ್ಟು ಐದಾವೆ ನೀವೇ ನೋಡ್ರಿ."

ಬಾಗಿಲಲ್ಲಿ ನಿಂತವರು ನಕ್ಕರು. ಸಾಹೇಬರು ನಗಲಿಲ್ಲ. ಫೈಲಿನ ಮುಂದೆ ಅವರು ಎಂದೂ ನಕ್ಕವರಲ್ಲ.

"ಪಕ್ಕಕ್ಕೆ ತಿರುಗಮ್ಮ" ಎಂದರು.

ಉಚ್ಚಂಗೆಮ್ಮ ತಿರುಗಿದಳು. ಜಯಪ್ಪ ಕ್ಯಾಲೆಂಡರನ್ನು ಅವಳ ಕೆನ್ನೆಯ ಪಕ್ಕದಲ್ಲಿ ಹಿಡಿದ. ಗದ್ದ ಮೇಲೆತ್ತಿಸಿದರು. ಸೊಂಟ ಬಗ್ಗಿಸಿದರು. ಇನ್ನೂ ಸ್ವಲ್ಪ ಬಗ್ಗು ಎಂದರು. ನಗು ಎಂದರು.

"ನಗು ಬರಾಕಿಲ್ರಿ" ಎಂದಳು.

"ಈ ಕಡೆಯಿಂದ ಒಂದೇ ಕಣ್ಣು ಕಾಣ್ತದೆ ಸಾರ್" ಎಂದ ಜಯಪ್ಪ.

ಸಾಹೇಬರು ಕುರ್ಚಿ ಬಿಟ್ಟೆದ್ದು ಅವಳ ಆ ಕಡೆಗೆ ಹೋಗಿ ನೋಡಿದರು. ಇನ್ನೊಂದು ಕಣ್ಣು ಅಲ್ಲಿತ್ತು. ಅದು ಅವರನ್ನೇ ನೋಡುತ್ತಿತ್ತು. ಹಿಂದಿರುಗಿ ಕೂತು ಬರೆಸಿದರು: "ಅರ್ಜಿದಾರಳಿಗೆ ಎರಡು ಕಣ್ಣುಗಳಿರುವುದು ಖುದ್ದು ಪರಿಶೀಲನೆಯಿಂದ ಕಂಡುಬಂದಿದೆ."

ಆಮೇಲೆ ಕುಡುಗೋಲು ತರಿಸಿದರು. ಅವಳು ಬಲಗೈಯಲ್ಲಿ ಹಿಡಿದಳು. ಚಿತ್ರದಲ್ಲಿ ಎಡಗೈ. "ಅರ್ಜಿದಾರಳು ಎಡಚಿಯಲ್ಲ" ಎಂದು ಬರೆಸಿದರು.

"ಇನ್ನೊಂದು ಐತೆ" ಎಂದ ಮಹೇಶ್ವರಪ್ಪ. "ಗೋಡೆ ಓದ್ರಿ. ಉಳುವವನೇ ಅಂತ ಐತೆ. ಕುಯ್ಯೋಳೇ ಅಂತ ಎಲ್ಲೈತೆ? ಉತ್ತೋನು ಜಗಳೂರು ಕಡೆಯೋನು. ಅವನು ಅರ್ಜಿ ಹಾಕಿಲ್ಲ. ಈಕಿ ಹಾಕ್ಯಾಳೆ. ಈಕಿ ಉತ್ತಿಲ್ಲ."

"ನಾಲ್ಕು ದಿನ ಉತ್ತೋನು ಒಡೆಯನಾ? ಮಿಕ್ಕಿದ ದಿನವೆಲ್ಲ ಗದ್ದೇನೇ ತಾನಾಗಿ ಬೆಳ್ಕಂತಾ?" ಎಂದು ಬಾಗಿಲಿನಿಂದ ಅಂತರಘಟ್ಟಮ್ಮ ಕೂಗಿದಳು.

"ಅದು ಗೋಡೆ ಬರೆಸಿದೋರನ್ನ ಕೇಳು" ಎಂದ ಮಹೇಶ್ವರಪ್ಪ.

ಎಂಟು ದಿನ ಬಿಟ್ಟು ಡ್ರಾಯಿಂಗ್ ಮೇಷ್ಟ್ರನ್ನು ಕರೆಸಿದರು. ಅವನು ಜುಬ್ಬಾ ಹಾಕಿಕೊಂಡು ಬಂದ. ಕೂದಲು ಉದ್ದ ಬಿಟ್ಟಿದ್ದ.

"ಈ ಹೆಂಗಸು ಯಾರು?" ಸಾಹೇಬರು ಚಿತ್ರದ ಮೇಲೆ ಬೆರಳಿಟ್ಟರು.

"ಇದು ವ್ಯಕ್ತಿ ಅಲ್ಲ ಸಾರ್. ಇದು ಭೂಮಿತಾಯಿ."

"ನನ್ನ ಹೆಸ್ರು ಕೇಳಿದ್ರಲ್ಲ ಮೇಷ್ಟ್ರೆ?" ಎಂದಳು ಉಚ್ಚಂಗೆಮ್ಮ.

ಅವನು ಅವಳನ್ನು ನೋಡಿದ. ಗುರುತು ಸಿಕ್ಕಲಿಲ್ಲ. ಅಥವಾ ಸಿಕ್ಕಿತೋ. "ಹೆಸರಲ್ಲಿ ಮಣ್ಣಿನ ವಾಸನೆ ಇತ್ತು. ಅದಕ್ಕೆ ತಗೊಂಡೆ."

"ಮುಖ?" ಎಂದರು ಸಾಹೇಬರು.

"ಮುಖ ನನ್ನ ಕಲ್ಪನೆ."

ಜಯಪ್ಪ ಬರೆದುಕೊಂಡ: "ಚಿತ್ರದಲ್ಲಿರುವ ಸ್ತ್ರೀಯು ಭೂಮಿತಾಯಿ ಎಂದು ಸಾಕ್ಷಿಯು ನುಡಿದಿರುತ್ತಾರೆ. ತಂದೆಯ ಹೆಸರು, ವಾಸಸ್ಥಳ ತಿಳಿಸಿರುವುದಿಲ್ಲ."

"ಭೂಮಿತಾಯಿ ಅರ್ಜಿ ಹಾಕಿಲ್ಲ" ಎಂದ ಮಹೇಶ್ವರಪ್ಪ.

ಸಾಹೇಬರು ಕೆಟ್ಟವರಲ್ಲ. ನ್ಯಾಯಕ್ಕೆ ಇನ್ನೊಂದು ಅವಕಾಶ ಕೊಡಬೇಕೆಂದರು. ಸೋಮವಾರ ಗದ್ದೆಗೇ ಬರುತ್ತೇವೆ. ಅರ್ಜಿದಾರಳು ಚಿತ್ರದಲ್ಲಿರುವಂತೆ ಹೂವು, ಬಳೆ, ಕುಂಕುಮದೊಂದಿಗೆ ಅಲ್ಲಿ ನಿಲ್ಲಲಿ. ಹೋಲಿಸಿ ನೋಡೋಣ. ಕಣ್ಣಿನ ವಿಷಯ ಬಿಟ್ಟುಬಿಡೋಣ.

ಭಾನುವಾರ ಮಹೇಶ್ವರಪ್ಪನ ಹೆಂಡತಿ ಕಸ್ತೂರಮ್ಮ ಕೇರಿಗೆ ಒಂದು ಬುಟ್ಟಿ ಕಳಿಸಿದಳು. ಎರಡು ಡಜನ್ ಹಸಿರು ಬಳೆ, ಒಂದು ಮಾರು ಮಲ್ಲಿಗೆ, ಕುಂಕುಮದ ಪೊಟ್ಟಣ. ಕೇರಿಯವರು ಸುತ್ತ ಕೂತು ನೋಡಿದರು. ಆ ಮನೆಯಿಂದ ಹಳಸಿದ ಅನ್ನ ಬಿಟ್ಟರೆ ಬೇರೇನೂ ಬಂದದ್ದು ಯಾರಿಗೂ ನೆನಪಿರಲಿಲ್ಲ.

"ತೊಟ್ಕಳೇ" ಎಂದರು ಕೆಲವರು. "ಒಂದು ಗಳಿಗೆ ಹೂವ ಇಟ್ಕಂಡ್ರೆ ಏನಾಗ್ತೈತೆ? ಗದ್ದೆ ಬರ್ತೈತೆ."

ಉಚ್ಚಂಗೆಮ್ಮ ಒಂದು ಬಳೆ ಎತ್ತಿ ಬೆಳಕಿಗೆ ಹಿಡಿದಳು. ಕೆಳಗಿಟ್ಟಳು.

"ದೊಡ್ಡವ್ವ, ನಮ್ಮಾಗೆ ಗಂಡ ಸತ್ತೋಳು ಬಳೆ ಹೂವ ತೊಟ್ರೆ ಏನಂತಾರೆ?"

"ಉಡಿಕೆ ಆದ್ಲು ಅಂತಾರೆ. ಇನ್ನೊಬ್ಬನ್ನ ಕೂಡ್ಕಂಡ್ಲು ಅಂತ." ಅಂತರಘಟ್ಟಮ್ಮ ಅಷ್ಟು ಹೇಳಿ ಇತ್ತ ತಿರುಗಿದಳು. ಬುಟ್ಟಿ ನೋಡಿದಳು. "ಅಯ್ಯೋ ಈ ಗೌಡನ ಬಾಯಿಗೆ ಮಣ್ಣು ಹಾಕ."

ಅರ್ಜಿ ಇದ್ದದ್ದು ತಿಪ್ಪೇಶಿಯ ಹೆಂಡತಿಯ ಹೆಸರಿನಲ್ಲಿ. ಬಳೆ ತೊಟ್ಟರೆ ಅವಳು ಉಡಿಕೆಯಾದವಳು. ತಿಪ್ಪೇಶಿಗೆ ಏನೂ ಆಗಬೇಕಾದವಳಲ್ಲ. ತೊಡದಿದ್ದರೆ ಚಿತ್ರದವಳಲ್ಲ, ಗದ್ದೆ ಕೊಯ್ದವಳಲ್ಲ. ಬಳೆ ತೊಡುವ ಕೈಗೂ ಇಲ್ಲ, ತೊಡದ ಕೈಗೂ ಇಲ್ಲ. ಅಷ್ಟು ಚೆನ್ನಾಗಿ ಹೆಣೆದ ಬುಟ್ಟಿ ಅದು.

ಸೋಮವಾರ ಗದ್ದೆಯ ಬದುವಿಗೆ ಕುರ್ಚಿ ಮೇಜು ಬಂದವು. ಭತ್ತ ಕೊಯ್ಲಿಗೆ ನಿಂತಿತ್ತು. ಇದೊಂದೇ ಅಲ್ಲ, ಪಕ್ಕದಲ್ಲಿದ್ದ ಮಹೇಶ್ವರಪ್ಪನ ಹದಿನೆಂಟು ಎಕರೆಯೂ. ಅದನ್ನೆಲ್ಲ ಕೊಯ್ಯುವವರು ಕೇರಿಯ ಹೆಂಗಸರೇ. ಅವರೆಲ್ಲ ಕುಡುಗೋಲು ಸಿಕ್ಕಿಸಿಕೊಂಡು ಬಂದಿದ್ದರು. ಉಚ್ಚಂಗೆಮ್ಮ ದಿನದ ಸೀರೆಯಲ್ಲಿ, ಬರಿಗೈಯಲ್ಲಿ ಬಂದಳು.

"ತೊಡಲಿಲ್ಲವೇನಮ್ಮ?" ಎಂದರು ಸಾಹೇಬರು.

"ತೊಡಾಕಿಲ್ಲ ಸಾಹೇಬ್ರೆ. ತೊಟ್ರೆ ತಿಪ್ಪೇಶಿ ಹೆಂಡ್ತಿ ಅಲ್ಲ ಅಂತೀರಿ. ತೊಡದಿದ್ರೆ ಗದ್ದೆ ಕುಯ್ಯೋಳಲ್ಲ ಅಂತೀರಿ. ನಾನು ಎರಡೂ ಹೌದು. ಬರ್ಕಳ್ರಿ."

ಸಾಹೇಬರು ಫಾರಂ ತಿರುಗಿಸಿ ನೋಡಿದರು. "ಎರಡು ಬರೆಯೋಕೆ ಇಲ್ಲಿ ಜಾಗ ಇಲ್ಲಮ್ಮ. ಒಂದೇ ಕಾಲಂ."

"ನಾವೆಲ್ಲ ಈಕಿ ಜೊತೆ ಕುಯ್ದೋರು. ನಮ್ಮನ್ನ ಕೇಳ್ರಿ" ಎಂದು ಅಂತರಘಟ್ಟಮ್ಮ ಮುಂದೆ ಬಂದಳು. ಉಳಿದವರೂ ಬಂದರು.

ಮಹೇಶ್ವರಪ್ಪ ಎದ್ದು ನಿಂತ. "ಇವರೂ ಯಾರೂ ಚಿತ್ರದಾಗಿಲ್ಲ ಸಾಹೇಬ್ರೆ. ಆ ಎಂಟು ಜನದಾಗೆ ಒಬ್ಬಳೂ ಈ ಕೇರಿಯೋಳಲ್ಲ ಅಂತ ಸೇರಿಸಿ ಬರ್ಕಳ್ರಿ. ನಾಳೆ ಇನ್ನೊಬ್ಬಳು ಕ್ಯಾಲೆಂಡರ್ ತಗಂಡು ಬರ್ತಾಳೆ."

ಸಾಹೇಬರಿಗೆ ಇದು ಸರಿ ಕಂಡಿತು. ಬರೆಸಿದರು. ಜಯಪ್ಪ ಗಟ್ಟಿಯಾಗಿ ಓದಿದ: "ಮಹೇಶ್ವರಪ್ಪನವರ ಗದ್ದೆಗಳನ್ನು ಕೊಯ್ಯುವವರು ಚಿತ್ರದಲ್ಲಿರುವ ಎಂಟು ಮಂದಿ ಹೆಂಗಸರೇ ಹೊರತು, ಅರ್ಜಿದಾರಳಾಗಲಿ ಸದರಿ ಕೇರಿಯ ಬೇರೆ ಯಾವ ಹೆಂಗಸಾಗಲಿ ಅಲ್ಲ."

ಉಚ್ಚಂಗೆಮ್ಮ ಭತ್ತ ನೋಡುತ್ತ ನಿಂತಳು. ತಿಪ್ಪೇಶಿಯನ್ನು ಮಣ್ಣಿಗಿಟ್ಟ ದಿನ ಎಲ್ಲರೂ ಅಳುವಾಗ ಅವಳು ಹೀಗೇ ನಿಂತಿದ್ದಳು. ಈಗಲೂ ಒಳಗೆ ಏನೂ ಅಲ್ಲಾಡಲಿಲ್ಲ. ಆಮೇಲೆ ಏನೋ ಅಲ್ಲಾಡಿತು.

"ಇನ್ನೊಂದ್ಸಲ ಓದ್ರಿ" ಎಂದಳು.

ಜಯಪ್ಪ ಓದಿದ.

"ಸರ್ಕಾರದ್ದೇ ಮಾತಾ ಇದು?"

"ಸಹಿ ಆಗೈತಲ್ಲಮ್ಮ."

ಉಚ್ಚಂಗೆಮ್ಮ ಹಿಂದೆ ತಿರುಗಿದಳು. "ನಡೀರಿ ಮನೀಗೆ."

"ಕುಯ್ಲು?" ಎಂದಳು ಒಬ್ಬಳು.

"ಕುಯ್ಯೋರು ನಾವಲ್ಲವಂತಲ್ಲ. ಗೌಡ್ರೇ ಬರೆಸ್ಯಾರೆ. ಚಿತ್ರದೋರು ಬಂದು ಕುಯ್ತಾರೆ."

ಅಂತರಘಟ್ಟಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಸೊಂಟ ಹಿಡಿದುಕೊಂಡು ನಕ್ಕಳು. ಹೆಂಗಸರು ಸಾಲಾಗಿ ಬದು ಇಳಿದು ಹೋದರು.

ಮಹೇಶ್ವರಪ್ಪನೂ ನಕ್ಕ. ಎರಡು ದಿನ ನಕ್ಕ. ಮೂರನೆಯ ದಿನ ಕೇರಿಯ ಬಾಯಿಗೆ ಬಂದು ನಿಂತ.

"ಬರ್ರೇ, ಹುಡುಗಾಟ ಸಾಕು."

"ನಮಗೆ ಎರಡೆರಡು ಕಣ್ಣು ಗೌಡ್ರೆ" ಎಂದಳು ಅಂತರಘಟ್ಟಮ್ಮ. "ಒಕ್ಕಣ್ಣಿಯೋರನ್ನ ಹುಡುಕ್ರಿ. ಎಡಚಿಯರು ಬೇಕು ನೋಡ್ರಿ ಮತ್ತೆ."

ಐದನೆಯ ದಿನ ಅಂಗಡಿಯಲ್ಲಿ ಕೇರಿಗೆ ಉಪ್ಪು, ಸೀಮೆಎಣ್ಣೆ ಕೊಡಬಾರದೆಂದು ಹೇಳಿಸಿದ. ಹೆಂಗಸರು ಬೆಳಕು ಹರಿಯುವ ಮೊದಲೇ ಎದ್ದು ಐದು ಮೈಲಿ ನಡೆದು ಬೇರೆ ಊರಿನ ಗದ್ದೆಗಳಲ್ಲಿ ಕೊಯ್ದು ಬಂದರು. ಒಂದು ಹೊತ್ತು ಉಂಡರು. ಉಪ್ಪಿಲ್ಲದೆ ಉಂಡರು. ಕಾಲು ಬಾತುಕೊಂಡವು. ಇಬ್ಬರು, ಸಾಕು, ಗೌಡರ ಗದ್ದೆಗೆ ಹೋಗೋಣ, ಎಂದರು. ಉಚ್ಚಂಗೆಮ್ಮ ಅವರನ್ನು ತಡೆಯಲಿಲ್ಲ. "ಹೋಗ್ರವ್ವ. ಕುಯ್ಯೋರು ನಾವಲ್ಲ ಅಂತ ಬರ್ದೈತೆ, ನೀವು ಯಾರು ಅಂತ ಹೇಳ್ಕಂಡು ಹೋಗ್ತೀರಿ?" ಎಂದಳು. ಅವರು ಹೋಗಲಿಲ್ಲ.

ಒಂಬತ್ತನೆಯ ದಿನ ಮಹೇಶ್ವರಪ್ಪ ಲಾರಿಯಲ್ಲಿ ಜಗಳೂರು ಕಡೆಯಿಂದ ಇಪ್ಪತ್ತು ಹೆಂಗಸರನ್ನು ತರಿಸಿದ. ಉಚ್ಚಂಗೆಮ್ಮ ಬದುವಿಗೆ ಹೋದಳು. ಕೈಯಲ್ಲಿ ಕ್ಯಾಲೆಂಡರ್.

"ನಿಮ್ಮಾಗೆ ಒಕ್ಕಣ್ಣಿಯೋರು ಎಷ್ಟು ಜನ ಐದೀರಿ?"

ಹುಚ್ಚಿ ಇರಬೇಕೆಂದು ಅವರು ನೋಡಿದರು. ಅವಳು ಕ್ಯಾಲೆಂಡರ್ ಬಿಡಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹೆಚ್ಚು ಮಾಡಲಿಲ್ಲ. ಅವರಲ್ಲಿ ಹಿರಿಯಳು ಹೊನ್ನೂರಮ್ಮ. ಪೂರ್ತಿ ಕೇಳಿ, ಚಿತ್ರವನ್ನು ಹತ್ತಿರ ಹಿಡಿದು ನೋಡಿ, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಗೌಡ್ರೆ, ಮೊದ್ಲು ನಮ್ಮನ್ನ ಚಿತ್ರದಾಗೆ ಬರೆಸ್ರಿ. ಆಮೇಲೆ ಕುಯ್ತೀವಿ. ಇಲ್ದಿದ್ರೆ ನಾಳೆ ಕುಯ್ದೋರು ನಾವಲ್ಲ ಅಂತ ಬರ್ಕಂಡ್ರೆ?"

ಇಪ್ಪತ್ತು ಮಂದಿ ಲಾರಿಯ ನೆರಳಿನಲ್ಲಿ ಕೂತು ಎಲೆಅಡಿಕೆ ಬಿಚ್ಚಿದರು.

ಗಾಳಿ ಬಂದಾಗಲೆಲ್ಲ ಗದ್ದೆಯಿಂದ ಸಣ್ಣ ಸದ್ದು ಬರುತ್ತಿತ್ತು. ಭತ್ತ ಉದುರುವ ಸದ್ದು. ಮಹೇಶ್ವರಪ್ಪನಿಗೆ ಅದು ಊಟದ ಮನೆಯಲ್ಲೂ ಕೇಳಿಸತೊಡಗಿತು. ಹನ್ನೊಂದನೆಯ ದಿನ ಬಾಡಿಗೆ ಕಾರಿನಲ್ಲಿ ಹೋಗಿ ಸಾಹೇಬರನ್ನೂ ಜಯಪ್ಪನನ್ನೂ ಕರೆತಂದ. ಕೇರಿಯವರು ಬದುವಿನ ಮೇಲೆ ನಿಂತರು. ಎರಡು ದಿನದಿಂದ ಅಲ್ಲೇ ಬೀಡುಬಿಟ್ಟಿದ್ದ ಜಗಳೂರಿನವರು ಲಾರಿಯ ಬಳಿ ನಿಂತರು.

"ಕುಯ್ಯೋರು ಇವರೇ ಅಂತ ಬರೀರಿ ಸಾಹೇಬ್ರೆ" ಎಂದ.

"ಅಲ್ಲ ಅಂತ ನೀವೇ ಹೇಳಿದ್ರಿ."

"ಅವತ್ತು ಭತ್ತ ಉದುರ್ತಿರ್ಲಿಲ್ಲ."

ಸಾಹೇಬರು ಪೆನ್ನು ತೆರೆದರು. "ಕೆರೆಗದ್ದೆ ಕೊಯ್ಯುವವರು ಯಾರು?"

"ಉಚ್ಚಂಗಿ."

"ಪೂರ್ತಿ ಹೆಸ್ರು ಹೇಳ್ರಿ" ಎಂದಳು ಉಚ್ಚಂಗೆಮ್ಮ.

"ಉಚ್ಚಂಗೆಮ್ಮ."

"ಯಾರ ಹೆಂಡ್ತಿ, ಅದೂ ಹೇಳ್ರಿ."

"ತಿಪ್ಪೇಶಿ ಹೆಂಡ್ತಿ." ಗಾಳಿ ಬಂತು. ಗದ್ದೆ ಸದ್ದು ಮಾಡಿತು. ಮಹೇಶ್ವರಪ್ಪ ಅತ್ತ ನೋಡಿದ.

"ನಾಟಿ ಯಾರು ಮಾಡಿದ್ದು ಅಂತ ಕೇಳ್ರಿ ಸಾಹೇಬ್ರೆ."

"ಅವಳೇ."

"ಕಳೆ?"

"ಅವಳೇ, ಅವಳೇ. ಅವಳ ಮಾವನ ಕಾಲದಿಂದ ಅವರೇ ಮಾಡ್ಕಂಡು ಬಂದಾರೆ. ಬರ್ಕಳ್ರಿ ಬೇಗ."

ಅಷ್ಟನ್ನೂ ಜಯಪ್ಪ ಬರೆದ. ಕಾಲಂ ತುಂಬಿ ಅಂಚಿಗೆ ಹೋಯಿತು, ಅಂಚು ತುಂಬಿ ಹಾಳೆಯ ಹಿಂಬದಿಗೆ ಹೋಯಿತು. ಮಹೇಶ್ವರಪ್ಪ ಓದದೆಯೇ ಸಹಿ ಹಾಕಿದ. ಅವನ ಕಣ್ಣು ಭತ್ತದ ಮೇಲಿತ್ತು.

ಹೆಂಗಸರು ಇಳಿದರು. ಬೇವಿನಕೋಡಿಯವರೂ ಜಗಳೂರಿನವರೂ ಒಟ್ಟಿಗೆ ಕೆರೆಗದ್ದೆಗೇ ಇಳಿದರು. ಬಗ್ಗಿದರು. ಮಧ್ಯಾಹ್ನದ ಹೊತ್ತಿಗೆ ಎರಡು ಎಕರೆ ಬರಿ ಕೂಳೆಯಾಗಿತ್ತು. ಭತ್ತ ನಿಂತಲ್ಲೇ ಒಣಗಿತ್ತು, ಅಲ್ಲಲ್ಲೇ ಹೊರೆ ಕಟ್ಟಿದರು. ಉಚ್ಚಂಗೆಮ್ಮ ಮೊದಲ ಹೊರೆಯನ್ನು ತಲೆಗೇರಿಸಿಕೊಂಡಳು. ಮಹೇಶ್ವರಪ್ಪನ ಕಣ ಇದ್ದದ್ದು ಊರ ಕಡೆ. ಅವಳು ಕೇರಿಯ ಕಡೆ ತಿರುಗಿದಳು.

"ಏಯ್! ಆ ಕಡೆ ಅಲ್ಲ, ಈ ಕಡೆ! ಈ ಕಡೆ!" ಎಂದು ಮಹೇಶ್ವರಪ್ಪ ಬದುವಿನ ಮೇಲಿಂದ ಕೂಗಿದ. ಸಾಹೇಬರ ಕಡೆ ತಿರುಗಿದ. ಸಾಹೇಬರು ಆಗಲೇ ಬರೆದದ್ದನ್ನು ಓದಿಕೊಳ್ಳುತ್ತಿದ್ದರು. ಹಾಳೆಯ ಹಿಂಬದಿಗೆ, ಮಾವನ ಕಾಲದಿಂದ ಅವರೇ ಎಂಬ ಸಾಲಿಗೆ ಬಂದಿದ್ದರು.

ಉಚ್ಚಂಗೆಮ್ಮನ ಕುತ್ತಿಗೆಯ ಮೇಲೆ ಹೊರೆಯ ಭಾರವಿತ್ತು. ತಿರುಗಿ ನೋಡಲು ಆಗುತ್ತಿರಲಿಲ್ಲ. ಆಗಿದ್ದರೂ ನೋಡುತ್ತಿರಲಿಲ್ಲ. ಅವಳ ಹಿಂದೆ ಒಂದೊಂದಾಗಿ ಎಲ್ಲ ಹೊರೆಗಳೂ ಕೇರಿಯ ದಾರಿ ಹಿಡಿದವು.